ಗೊಂಬೆಯ ಹೊಟ್ಟೆಯೊಳಗೆ

ಡಿಸೆಂಬರ್ 18, ಬೆಳಿಗ್ಗೆ

ಮುರಿದ ಕಾಲಿನ ಪ್ಲಾಸ್ಟರ್ ಒಳಗೆ ಮತ್ತೆ ತುರಿಕೆ. ನನ್ನ ತಮ್ಮ ವೆಲಿಂಗ್ಟನ್‌ನ ಮನೆಯ ಮಹಡಿ ಕೋಣೆ, ಮಂಚ, ಕಿಟಕಿ — ಇಷ್ಟೇ ಈಗ ನನ್ನ ಗ್ವಾಯಾಕಿಲ್ ನಗರ. ಅವನ ಹೆಂಡತಿ ಮರಿಯುಕ್ಸಿ ಹುರಿದ ಬಾಳೆಕಾಯಿ ಇಟ್ಟು ಹೋದಳು. ಅವಳು ಮೆಟ್ಟಿಲಿಳಿದ ಮೇಲೆ ಮಂಚದಡಿಯ ಚಿತ್ರಪುಸ್ತಕಗಳ ಪೆಟ್ಟಿಗೆ ಎಳೆದುಕೊಂಡೆ. ಮೇಲೆಯೇ ಟೋಪಿ ಹಾಕಿಕೊಂಡ ಪೆಲಿಕನ್ ಹಕ್ಕಿಯ ಪುಸ್ತಕ. ಇಡೀ ಪುಟ ನೀಲಿ, ಮೂಲೆಯಲ್ಲಿ ಒಂದೇ ದೋಣಿ. ವಯಸ್ಸು ಐವತ್ತೆಂಟು, ಆ ದೋಣಿ ಕಂಡರೆ ಈಗಲೂ ಎದೆ ಹಿಗ್ಗುತ್ತದೆ. ಮಕ್ಕಳಿಗಾಗಿ ಮಾಡಿದ್ದಂತೆ. ಆದರೇನು? ಮಕ್ಕಳು ದೊಡ್ಡವರಾಗಿ ಮರೆತುಬಿಡುತ್ತಾರೆ. ನಾನು ಮರೆತಿಲ್ಲ.

ಯಾರಾದರೂ ಕೇಳಿದರೆ "ಶಾಲೆಗೆ ಕೊಡೋಕೆ ಇಟ್ಟಿದೀನಿ" ಅನ್ನುತ್ತೇನೆ. ವರ್ಷಗಳಿಂದ ಅದೇ ಮಾತು.

ಡಿಸೆಂಬರ್ 27

ಮೂವತ್ತೊಂದರ ನಡುರಾತ್ರಿ ಬೀದಿಯಲ್ಲಿ ಸುಡುವ ಹಳೆ ವರ್ಷದ ಗೊಂಬೆ ಈ ಸಲ ನಾನೇ ಅಂತೆ!

"ಅಕ್ಕಾ, ನಿನ್ನ ಆಫೀಸ್ ಫ್ರಾಕ್ ಕೊಡು. ಕಾಲಿಗೆ ಪ್ಲಾಸ್ಟರೂ ಹಾಕ್ತೀವಿ," ಅಂದ ವೆಲಿಂಗ್ಟನ್.

"ಮೂಗು ಮಾತ್ರ ನಿನ್ನ ಥರ ಮಾಡ್ಬೇಡ ಕಣೋ, ಬೀದಿಯವರು ಹೆದರ್ಕೋತಾರೆ."

ಕೊಟ್ಟೆ. ಖುಷಿಯೂ ಆಯಿತು. ಬೇಕಾದವರನ್ನೇ ಅಲ್ಲವೇ ಗೊಂಬೆ ಮಾಡುವುದು.

ಡಿಸೆಂಬರ್ 30, ಮಧ್ಯಾಹ್ನ

ಆಸ್ಪತ್ರೆಯಿಂದ ಬಂದೆ. ಪ್ಲಾಸ್ಟರ್ ಇನ್ನೂ ತೆಗೆಯುವುದಿಲ್ಲವಂತೆ. ಇಬ್ಬರು ಅಕ್ಕಿ ಮೂಟೆಯಂತೆ ಹೊತ್ತು ಮಹಡಿಗೆ ತಂದರು. ಮಂಚದಡಿ ಕೈ ಹಾಕಿದೆ... ಖಾಲಿ.

"ಅಯ್ಯೋ, ಆ ಪುಸ್ತಕಗಳಾ ಅಕ್ಕಾ?" ಅಂದಳು ಮರಿಯುಕ್ಸಿ. "ಗೊಂಬೆಗೆ ಮರದ ಹೊಟ್ಟು ಸಾಲ್ಲಿಲ್ಲ. ಹಾಗೇ ಹೊಟ್ಟೆಗೆ ತುರುಕಿ ಹೊಲಿದ್ಬಿಟ್ಟೆ. ಬೆನ್ನು ಎಷ್ಟು ನೆಟ್ಟಗೆ ನಿಂತಿದೆ ಗೊತ್ತಾ! ಶಾಲೆಗೆ ಬೇರೆ ತಗೊಂಡ್ರಾಯ್ತು ಬಿಡಿ."

ನನ್ನ ಸುಳ್ಳೇ ನನ್ನ ಬಾಯಿಗೆ ಬೀಗ. ಅದೂ ಅವಳ ಮನೆಯಲ್ಲಿ, ಅವಳು ಬಡಿಸಿದ್ದು ಉಣ್ಣುತ್ತಾ. "ಪರವಾಗಿಲ್ಲಮ್ಮ" ಅಂದೆ. ಥೂ.

ಡಿಸೆಂಬರ್ 31, ಸಂಜೆ 5

ಕೆಳಗೆ ಬೀದಿ ಬಾಗಿಲಲ್ಲಿ ಗೊಂಬೆ ಕುರ್ಚಿ ಮೇಲೆ ಕೂತಿದೆ, ನನ್ನ ಫ್ರಾಕ್ ತೊಟ್ಟು. ಪಕ್ಕೆಯ ಹೊಲಿಗೆ ಸಂದಿಯಲ್ಲಿ ಒಂದು ಕೆಂಪು ರಟ್ಟು ಇಣುಕುತ್ತಿದೆ. ಕಿಟಕಿ ಬಿಟ್ಟು ಕದಲಲಾಗುತ್ತಿಲ್ಲ.

ಸಂಜೆ 7

ಬೀದಿಯ ಗಂಡಸರು ಕಪ್ಪು ಲಂಗ ತೊಟ್ಟು, ತುಟಿಗೆ ಬಣ್ಣ ಬಳಿದು ಸಾಯುವ ಹಳೆ ವರ್ಷದ ವಿಧವೆಯರಾಗಿದ್ದಾರೆ. ಎದೆ ಬಡಿದುಕೊಂಡು ಅಳುವ ಆಟ, ಪ್ರತಿ ವರ್ಷದಂತೆ. ತಡೆಯಲಾಗಲಿಲ್ಲ. ಕಿಟಕಿಯಿಂದ ಕೂಗಿದೆ —

"ಸುಡ್ಬೇಡ್ರೋ! ಅದರೊಳಗೆ ನನ್ನ ಪುಸ್ತಕ ಇವೆ! ಶಾಲೆಗಲ್ಲ, ನನಗೇ! ದಿನಾ ಓದ್ತೀನಿ ನಾನು!"

ನಿಜವಾಗಿಯೂ ಅತ್ತೆ.

ಚಪ್ಪಾಳೆ. ಶಿಳ್ಳೆ.

"ನೋಡ್ರೋ, ಅಸಲಿ ವಿಧವೆ ಮಹಡಿ ಮೇಲಿದಾಳೆ!" ಎಂದ ಒಬ್ಬ ಲಂಗದವನು.

ವೆಲಿಂಗ್ಟನ್ ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಅಕ್ಕಾ, ಸೂಪರ್! ಇನ್ನೊಂದ್ಸಲ ಅಳು!"

ಜೀವಮಾನದಲ್ಲಿ ಒಮ್ಮೆ ನಿಜ ಹೇಳಿದೆ. ಅದೂ ನಾಟಕವಾಯಿತು.

7.30

ಬೆಂಕಿ ಹಚ್ಚಲು ಇನ್ನೂ ಸಮಯವಿದೆ. ಕೂತುಕೊಂಡೇ ಇಳಿಯುತ್ತೇನೆ. ಒಂದೊಂದೇ ಮೆಟ್ಟಿಲು, ಕುಂಡೆಯ ಮೇಲೆ, ಪ್ಲಾಸ್ಟರ್ ಕಾಲು ಮುಂದೆ ಚಾಚಿ. ನಗಲಿ, ಬೀದಿಗೆ ಬೀದಿಯೇ ನಗಲಿ. ಕತ್ತರಿ ಜೇಬಿನಲ್ಲಿದೆ. ಎಲ್ಲರೆದುರು ಆ ಹೊಲಿಗೆ ನಾನೇ ಬಿಚ್ಚಿ, ಒಂದೊಂದನ್ನೂ ಹೊರಗೆ ತೆಗೆಯುತ್ತೇನೆ. ಹೊರಟೆ.