ಪ್ರೇರಣಾಳ ಜಾಗದಲ್ಲಿ ಬೇರೊಂದು ದನಿ

ಬನಶಂಕರಿ ಎರಡನೇ ಹಂತ, ಬೆಂಗಳೂರು
12-8-2006

ಮುದ್ದು ಮಗಳು ಪ್ರೇರಣಾಳಿಗೆ,

ಪುಣೆಯಲ್ಲಿ ಮಳೆ ಜೋರಂತೆ, ಗಂಟಲು ಹೇಗಿದೆ? ಕೆಮ್ಮಿದ್ದರೆ ಮೆಣಸಿನ ಕಷಾಯ ಮಾಡಿಕೊ ಎಂದು ನಿನ್ನಮ್ಮ ಬರೆಸುತ್ತಿದ್ದಾಳೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ, ಅದಕ್ಕೆ ನನ್ನನ್ನು ಬಿಟ್ಟರೆ ಯಾರಿದ್ದಾರೆ!

ಮೊನ್ನೆ ನಿಮ್ಮ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವ ಮಹಾಂತೇಶ ಮನೆಗೆ ಬಂದಿದ್ದ. ಹೆಸರು ಓದಿದ ಕೂಡಲೇ ಕಾಗದ ಹರಿಯಬೇಡ. ಎರಡು ವರ್ಷದ ಹಿಂದೆ ನಿನ್ನನ್ನು ತೆಗೆದು ಹಾಕಿ ಬೇರೆ ಹುಡುಗಿಯಿಂದ ಆಲ್ಬಂ ಹಾಡಿಸಿದವನು ಅವನೇ ಎಂದು ನೀನು ಹಾಡುವುದನ್ನೂ ಬಿಟ್ಟೆ, ಊರನ್ನೂ ಬಿಟ್ಟೆ. ಆ ವಿಷಯವನ್ನೇ ಬರೆಯಬೇಕಾಗಿದೆ.

ಪಾಪ್ ಪಂಕ್ ಎನ್ನುವ ನಿಮ್ಮ ಆ ಗಿಟಾರು-ಡ್ರಮ್ಮಿನ ಅಬ್ಬರದ ಸಂಗೀತ ನನಗೆ ಎಂದೂ ಅರ್ಥವಾಗಲಿಲ್ಲ, ಸುಳ್ಳೇಕೆ ಹೇಳಲಿ. ತಾರಸಿಯ ರೂಮಿನಲ್ಲಿ ನೀವು ನಾಲ್ವರು ಶುರು ಮಾಡಿದರೆ ಕೆಳಗೆ ಅಡುಗೆಮನೆಯ ತಟ್ಟೆಗಳು ನಡುಗುತ್ತಿದ್ದವು. ಪಕ್ಕದ ಮನೆಯ ಏಕಾಂತಯ್ಯನವರು "ಏನ್ ಸಾರ್, ನಿಮ್ ಮಗಳು ಹಾಡ್ತಾಳೋ, ಯಾರನ್ನಾದ್ರೂ ಬೈತಾಳೋ?" ಎಂದಾಗ ಅವರೆದುರು ನಕ್ಕು, ಒಳಗೆ ಬಂದು ನಿನ್ನ ಮೇಲೆ ಹಾರಾಡಿದೆ. ನೆಂಟರಲ್ಲಿ ಸುಗಮ ಸಂಗೀತ ಎಂದು ಹೇಳಿಕೊಂಡು ತಿರುಗಿದೆ. ಆದರೆ ಜಯನಗರದ ಕಾಲೇಜಿನ ಫೆಸ್ಟಿನಲ್ಲಿ ಕೊನೆಯ ಸಾಲಿನಲ್ಲಿ ನಿಂತು ಒಮ್ಮೆ ನಿನ್ನನ್ನು ನೋಡಿದ್ದೆ, ಹೇಳಿರಲಿಲ್ಲ. ಅಷ್ಟೂ ಮಕ್ಕಳು ನಿನ್ನ ಹೆಸರು ಕೂಗಿ ಕುಣಿಯುತ್ತಿದ್ದರು. ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು.

ದಾವಣಗೆರೆಯವರು ನಿನ್ನನ್ನು ನೋಡಲು ಬಂದಾಗ ಹುಡುಗನ ತಾಯಿ "ಒಂದು ಹಾಡು ಹೇಳಮ್ಮಾ" ಎಂದರಲ್ಲ, ಕೆಂಪು ಬಣ್ಣ ಹಚ್ಚಿದ ಕೂದಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ನೀನು ವಚನ ಹಾಡಿದೆ. ಆಕೆ ಕಣ್ಣೊರೆಸಿಕೊಂಡರು. ಈ ದನಿಗೆ ಇಷ್ಟು ಸಾಕು ಎಂದು ಅವತ್ತೇ ತೀರ್ಮಾನ ಮಾಡಿಬಿಟ್ಟೆ. ಮರುವಾರ ನೀನು ಅಮ್ಮನ ಜೊತೆ ತುಮಕೂರಿಗೆ ಮದುವೆಗೆ ಹೋಗಿದ್ದಾಗ ಮುಂಬಯಿಯ ಕ್ಯಾಸೆಟ್ ಕಂಪನಿಯವರು ಮನೆಗೆ ಫೋನು ಮಾಡಿದರು. ನಿಮ್ಮ ಬ್ಯಾಂಡಿನ ಆಲ್ಬಂ ರೆಕಾರ್ಡಿಂಗಿಗೆ ನಿನ್ನ ಒಪ್ಪಿಗೆ ಕೇಳಿದರು. ಅವಳಿಗೆ ಮದುವೆ ಗೊತ್ತಾಗಿದೆ, ಹಾಡುವುದು ಬಿಟ್ಟಳು ಎಂದೆ. ಹೆಣ್ಣು ಹೆತ್ತವರು ಆಡುವ ಮಾತು ತಾನೇ ಎಂದುಕೊಂಡಿದ್ದೆ. ಅವರು ಅಂದೇ ಬೇರೆ ಹುಡುಗಿಯನ್ನು ಗೊತ್ತು ಮಾಡಿದರು. ಇತ್ತ ಆ ಸಂಬಂಧವೂ ಕೂಡಿಬರಲಿಲ್ಲ. ನಿನ್ನನ್ನು ತೆಗೆದವನು ಮಹಾಂತೇಶನಲ್ಲ ಮಗಳೇ, ನಾನು. ನೀನು ಅವನನ್ನು ಬೈದು ಅಳುತ್ತಿದ್ದಾಗಲೂ ಎದುರಿಗೇ ಕೂತು ಬಾಯಿ ಬಿಡಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಆ ಹುಡುಗಿ ಈಗ ಬ್ಯಾಂಡ್ ಬಿಟ್ಟಿದ್ದಾಳಂತೆ. ಮುಂದಿನ ತಿಂಗಳ ಪ್ರೋಗ್ರಾಮಿಗೆ ನೀನೇ ಹಾಡಬೇಕು ಎಂದು ಕೇಳಲು ಮಹಾಂತೇಶ ಬಂದಿದ್ದ. ಈ ಸಲ ಉತ್ತರ ನೀನೇ ಕೊಡು.

ಮನೆದೇವರು ವೀರಭದ್ರ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಮರುಳಸಿದ್ದಪ್ಪ

ವಿ.ಸೂ.: ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಇದನ್ನೆಲ್ಲ ಮೊನ್ನೆ ಮಹಾಂತೇಶನಿಗೂ ಹೇಳಿಕೊಂಡೆ. "ನಂಗೆ ಅವತ್ತೇ ಗೊತ್ತಾಯ್ತು ಅಂಕಲ್, ಕಂಪನಿಯೋರು ಹೇಳಿದ್ರು. ಅವಳಿಗೆ ಗೊತ್ತಾದ್ರೆ ನಿಮ್ ಜೊತೆ ಮಾತೇ ಬಿಟ್ಬಿಡ್ತಾಳೆ ಅಂತ, ನಾನೇ ತೆಗೆದೆ ಅಂದ್ಬಿಟ್ಟೆ" ಎಂದ. ನಿನಗೆ ಬರೆಯಬೇಡಿ ಎಂದು ನನ್ನ ಕೈ ಹಿಡಿದುಕೊಂಡ. ನನಗೆ ಉತ್ತರ ಬರೆಯದಿದ್ದರೂ ಸರಿ, ಅವನಿಗೆ ಫೋನು ಮಾಡು.