ಮಂಗಲವಿಲ್ಲದ ಪ್ರಳಯ

ಕೊಲಿಂಡೇಲ್, ಲಂಡನ್

ತಮ್ಮ ಅಡಿವೆಪ್ಪನಿಗೆ ಶಿವಕೃಪೆಯಿರಲಿ. ಕೆಳಗಿನ ಓಣಿಯವರು ಬಾರದಂತೆ ನೀನು ನಮ್ಮ ಬಾವಿಗೆ ಬೀಗವಿಕ್ಕಿದ ಸಂಗತಿ ನಿನ್ನ ಕಾಗದದಿಂದ ತಿಳಿಯಿತು.

ನಿನ್ನೆ ಮೊಮ್ಮಗಳು ಸ್ಫೂರ್ತಿ ಫ್ರೆಂಚ್ ನಾಟಕವೊಂದಕ್ಕೆ ಕರೆದೊಯ್ದು ಕಿವಿಯಲ್ಲಿ ಅರ್ಥ ಹೇಳಿದಳು. ಅದರಲ್ಲಿ ಪ್ರಳಯಕಾಲ. ಲೋಕವೆಲ್ಲ ಬತ್ತುತ್ತಿರಲು ಉಳ್ಳವರು ಕಡೆಯ ನೀರನ್ನು ಬಚ್ಚಿಟ್ಟು ಭೋಜನಕ್ಕೆ ಕುಳಿತರು. ಹೊರಗಿನವರು ಬಾಗಿಲು ಬಡಿಯುತ್ತಿರುವಾಗಲೇ ದೀಪವಾರಿತು. ಜನರೆಲ್ಲ ಎದ್ದರೂ ನಾನು ಮಠದ ಪುರಾಣದಲ್ಲಿ ಕುಳಿತಂತೆಯೇ ಕುಳಿತಿದ್ದೆ.

“ಏಳ್ರಿ ಅಜ್ಜಾ, ಮುಗೀತು,” ಎಂದಳು.

“ಮಂಗಲ ಇನ್ನೂ ಆಗಿಲ್ಲಲ್ಲವಾ?”

“ಇವರು ಮಂಗಲ ಹಾಡಂಗಿಲ್ರಿ. ನೋಡಿದವರು ಮನಿಗೆ ಹೋಗಿ ಮಾಡ್ಕೋಬೇಕು!”

ಮೊಣಕಾಲಿನ ನೋವು ಇದ್ದಂತೆಯೇ ಇದೆ. ರಾತ್ರಿ ನಿದ್ರೆಯೂ ಬರಲಿಲ್ಲ. ಈ ಕಾರ್ಡು ಓದಿದೊಡನೆ ಬೀಗ ತೆಗೆ. ಹಗ್ಗ, ಕೊಡ ಬಾವಿಯ ಕಟ್ಟೆಯ ಮೇಲೆಯೇ ಇರಲಿ.

ನಿನ್ನಣ್ಣ,
ಗುರುಸಿದ್ದಪ್ಪ