ಮೂಲೆ ಕತ್ತರಿಸುವವಳು

ಶುಕ್ರವಾರ, ಸಂಜೆ
ವಸತಿಗೃಹದ ಎರಡನೇ ಮಹಡಿಯಿಂದ

ಯಜಮಾನರಿಗೆ (ಅಂಗಡಿಯ ಯಜಮಾನರು ಎಂಬ ಅರ್ಥದಲ್ಲಿ, ಮನೆಯ ಮಾತು ಇನ್ನೂ ಇತ್ಯರ್ಥವಾಗಿಲ್ಲ),

ಪ್ರವಾಸ ಮುಗಿಯುವುದರೊಳಗೆ ಒಂದು ಮಾತು ತಿಳಿಸುತ್ತೇನೆ ಎಂದಿದ್ದೆ: ನಿಮ್ಮ ಜೊತೆ ಮತ್ತೆ ಬಾಳುತ್ತೇನೋ, ಅಕ್ಕನ ಮನೆಯಲ್ಲೇ ಉಳಿಯುತ್ತೇನೋ ಎಂದು. ಅದಕ್ಕೇ ಈ ಕಾಗದ. ಮೊದಲು ಊರು ನೋಡಿದ್ದನ್ನು ಹೇಳಿಬಿಡುತ್ತೇನೆ. ಮದುವೆಯಾದಾಗಿನಿಂದ ನೀವು ತೋರಿಸುತ್ತೇನೆ, ತೋರಿಸುತ್ತೇನೆ ಎನ್ನುತ್ತಿದ್ದ ಊರು ತಾನೇ.

ಕಲೆಯ ಊರು ಎನ್ನುವುದು ಸುಳ್ಳಲ್ಲ. ಬಾಗಿಲ ಚಿಲಕಕ್ಕೂ ಹೂಬಳ್ಳಿ ಕೆತ್ತಿದ್ದಾರೆ. ಗಲ್ಲಿಗೊಬ್ಬ ಚಿತ್ರಕಾರ ಕುಳಿತು ದಾರಿಹೋಕರ ಮುಖ ಬರೆಯುತ್ತಾನೆ. ಅಕ್ಕ ಒಬ್ಬನ ಮುಂದೆ ಕುಳಿತಳು. ಬರೆದು ಮುಗಿದ ಮೇಲೆ ನೋಡಿ, ಇದು ನಾನಲ್ಲ, ನಮ್ಮ ಅತ್ತೆ ಎಂದು ಸಿಟ್ಟಾಗಿ ಎದ್ದುಬಿಟ್ಟಳು. ನಾನು ನಕ್ಕೆ. ಬಹಳ ದಿನದ ಮೇಲೆ ನಕ್ಕೆ ಎಂದು ಬರೆದರೆ ನೀವು ಬೇರೆ ಅರ್ಥ ಮಾಡಿಕೊಳ್ಳುತ್ತೀರಿ. ಆದ್ದರಿಂದ ನಕ್ಕೆ, ಅಷ್ಟೇ.

ಮಧ್ಯಾಹ್ನ ಚಿತ್ರಶಾಲೆಗೆ ಹೋದೆವು. ಜನ ಮುಗಿಬಿದ್ದು ನೋಡುವ ಆ ದೊಡ್ಡ ಚಿತ್ರದ ಮುಂದೆ ನಾವೂ ನಿಂತೆವು. ಅಕ್ಕ ಕಣ್ಣೊರೆಸಿಕೊಂಡಳು. ನನಗೆ ಕಂಡದ್ದು ಚಿತ್ರದ ಸುತ್ತಲಿನ ಮರದ ಕಟ್ಟಿನ ಕೆಳಗಿನ ಎಡಮೂಲೆ. ಪಟ್ಟಿಗಳು ಕೂಡದೆ ಸಂದಿ ಬಿಟ್ಟಿದೆ, ಅದಕ್ಕೆ ಮೇಣ ತುಂಬಿ ಚಿನ್ನದ ಬಣ್ಣ ಬಳಿದಿದ್ದಾರೆ. ಬಗ್ಗಿ ಉಗುರು ಹಾಕಿ ನೋಡುವಷ್ಟರಲ್ಲಿ ಕಾವಲಿನವನು ಓಡಿಬಂದು ಚೆನ್ನಾಗಿ ಉಗಿದ. ಹೊರಗೆ ಬಂದ ಮೇಲೆ ಅಕ್ಕ, ಆ ತಾಯಿಯ ಮುಖದಲ್ಲಿ ಎಂಥ ದುಃಖ ನೋಡು ಎಂದಳು. ಯಾವ ತಾಯಿ ಎಂದು ಕೇಳಿದೆ. ಚಿತ್ರದಲ್ಲಿ ತಾಯಿ ಇದ್ದದ್ದೇ ನನಗೆ ಗೊತ್ತಿಲ್ಲ. ನೀವಿದ್ದಿದ್ದರೆ ಇಬ್ಬರೂ ಉಗಿಸಿಕೊಳ್ಳುತ್ತಿದ್ದೆವು.

ಹಿಂದಿನ ಬೀದಿಯಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿಯೊಂದಿತ್ತು. ಅದರ ಯಜಮಾನಿ, ವಯಸ್ಸಾದವರು, ಕನ್ನಡಕ ಹಣೆಗೇರಿಸಿಕೊಂಡು ಕೂಡದ ಎರಡು ಪಟ್ಟಿಗಳ ಜೊತೆ ಗುದ್ದಾಡುತ್ತಿದ್ದರು. ಕತ್ತರಿಸುವವರು ಕೆಲಸ ಬಿಟ್ಟು ಹೋಗಿದ್ದರಂತೆ. ನನ್ನ ಕೈ ಸುಮ್ಮನಿರಬೇಕಲ್ಲ. ಕೊಡಿ ಎಂದು ಗರಗಸ ಇಸಿದುಕೊಂಡು, ಓರೆಯಾಗಿ ಕತ್ತರಿಸಿ ಕೂಡಿಸಿದೆ. ಅವರು ಬೆರಳಾಡಿಸಿ ನೋಡಿದರು. ಸಂದಿ ಸಿಗಲಿಲ್ಲ. ಯಾರು ನೀವು ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ಇವಳ ಗಂಡಂದು ಫ್ರೇಮಿನ ಅಂಗಡಿ, ಇವಳು ಸಹಾಯ ಮಾಡ್ತಾಳೆ" ಎಂದಳು.

ಅವಳದೇನೂ ತಪ್ಪಿಲ್ಲ. ಗಿರಾಕಿಗಳಿಗೆ ನೀವು ಹೇಳುವುದೂ ಅದನ್ನೇ. ಗಾಜು ಕೂರಿಸಿ ಮೊಳೆ ಹೊಡೆಯುವವರು ನೀವು; ಮೂಲೆ ಒಂದನ್ನೂ ಕತ್ತರಿಸಿದವರಲ್ಲ. ಆದರೂ ಮೂಲೆ ನೋಡಿ ಹೊಗಳಿದವರ ಮುಂದೆ ಎದೆಯುಬ್ಬಿಸುವವರು ನೀವು, ಸಹಾಯ ಮಾಡುವವಳು ನಾನು. ಅಷ್ಟು ಮಾತಿಗೆ ಮನೆ ಬಿಟ್ಟಳು ಎಂದರೆ ಜನ ನಗುತ್ತಾರೆ. ನನಗೆ ನೋವಾಗಿತ್ತು. ಹೇಳಿದಾಗ, ಬರೀ ಒಂದು ಮಾತಿಗೆ ಇಷ್ಟು ರಂಪವೇ ಎಂದಿರಿ.

ಇವತ್ತು ಬಾಯಿಗೆ ಬಂದೇ ಬಿಟ್ಟಿತು: "ಸಹಾಯ ಅವರದು, ಕೆಲಸ ನಂದು." ಎಷ್ಟು ಜೋರಾಗಿ ಹೇಳಿದೆನೆಂದರೆ ಅಕ್ಕನ ಕೈಯಿಂದ ಕೊಡೆ ಬಿತ್ತು. ಯಜಮಾನಿ ನಗಲಿಲ್ಲ. ಹಾಗಾದರೆ ಸೋಮವಾರದಿಂದ ಬನ್ನಿ, ಅಟ್ಟದ ಮೇಲೆ ಒಂದು ಕೋಣೆ ಖಾಲಿ ಇದೆ ಎಂದರು. ಹೂಂ ಎಂದುಬಿಟ್ಟೆ.

ಆದ್ದರಿಂದ ತಿಳಿಸುವುದು ಇಷ್ಟು. ನಾಳೆಯ ಬಸ್ಸಿಗೆ ಅಕ್ಕ ಒಬ್ಬಳೇ ಬರುತ್ತಾಳೆ, ನಾನು ಇಲ್ಲಿರುತ್ತೇನೆ. ಸಿಟ್ಟಿನಿಂದಲ್ಲ, ಸಿಟ್ಟಿದ್ದಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಗಿರಾಕಿಗಳಿಂದ ಒಪ್ಪಿಕೊಂಡ ಕಟ್ಟುಗಳ ಮೂಲೆಗಳನ್ನು ಇನ್ನು ಮೇಲೆ ನೀವೇ ಕತ್ತರಿಸಿ. ಬೆರಳು ಜೋಪಾನ.

ಇಂತು,
ಅಂಗಡಿಯ ಮೂಲೆ ಕತ್ತರಿಸುತ್ತಿದ್ದವಳು

ತಾ.ಕ.: ನನ್ನ ಗರಗಸ ಹಿಂಬದಿಯ ಗೋಡೆಯಲ್ಲಿ ತೂಗುಹಾಕಿದೆ. ಪಾರ್ಸೆಲ್ ಮಾಡಬೇಡಿ, ಹಲ್ಲು ಹಾಳಾಗುತ್ತದೆ. ಅಂಗಡಿಗೆ ಬೀಗ ಹಾಕಿ ನೀವೇ ತನ್ನಿ. ಅಕ್ಕ ಕೇಳಿದರೆ, ಗರಗಸ ಕೊಟ್ಟುಬರಲು ಹೊರಟಿದ್ದೇನೆ ಎಂದು ಹೇಳಿ. ಈ ಊರಿನಲ್ಲೂ ಒಳ್ಳೊಳ್ಳೆಯ ಗರಗಸ ಸಿಗುತ್ತವೆ ಎಂಬುದು ಅವಳಿಗೆ ಗೊತ್ತಿಲ್ಲ.